ಅತ್ತೆಯ ರೆಪ್ಪೆಯ ಗುಳ್ಳೆಗಳು

ಆ ದಿನ ನಸುಕಿಗೆ ಎದ್ದು ಅಂಗಳ ಸಾರಿಸಿದೆ, ಎಮ್ಮೆ ಹಿಂಡಿದೆ, ಮಜ್ಜಿಗೆ ಕಡೆದೆ, ಬುತ್ತಿ ಕಟ್ಟಿದೆ. ಮಗ್ಗದ ನೂಲಿಗೆ ಗಂಜಿ ಕಾಸುವ ಹಂಡೆಯನ್ನು ಬೂದಿ ಹಚ್ಚಿ ತಿಕ್ಕಿದೆ. ಹಳಸಿದ ಗಂಜಿ ಉಗುರೊಳಗೆ ಸೇರಿ ಹುಳಿನಾತ ಹೊಡೆಯಿತು. ಆಮೇಲೆ ಅತ್ತೆಯ ಮುಖಕ್ಕೆ ರಾತ್ರಿ ಬಳಿದಿದ್ದ ಲೇಪ ತೊಳೆದೆ. ಓಣಿಯವರು ಹೇಳಿದ ಔಷಧ ಅದು: ಹಳೆ ತುಪ್ಪದಲ್ಲಿ ಅರೆದ ಪಾರಿವಾಳದ ಹಿಕ್ಕೆ. ಒಣಗಿ, ರೆಪ್ಪೆಗೂದಲಿಗೆ ಅಂಟಿಕೊಂಡು, ಬೆರಳಿಗೆ ಸಿಪ್ಪೆಸಿಪ್ಪೆಯಾಗಿ ಬರುತ್ತಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡೇ ತೊಳೆದೆ.

ರಬಕವಿಯ ನಮ್ಮ ಮನೆಯಲ್ಲಿ ಗಂಜಿ ಕಾಸುವವರು ಅತ್ತೆಯೇ. ಆ ಬೇಸಿಗೆಯಿಂದ ಅವರ ಕಣ್ಣ ಸುತ್ತ ನೆನೆದ ಸಾಬೂದಾಣಿಯಂಥ ಗುಳ್ಳೆಗಳು ಏಳುತ್ತಿದ್ದವು. ಒಂದೊಂದು ನೀಲಿಗಟ್ಟಿ ಹೊಳೆಯುತ್ತಿತ್ತು. ಅವರು ಹಂಡೆಯ ಮೇಲೆ ಬಾಗಿದರೆ ನಾನು ಮುಖ ತಿರುಗಿಸುತ್ತಿದ್ದೆ. ದೊಡ್ಡ ರೋಗ, ಕುಷ್ಠವೇ ಎಂದು ಓಣಿ ಆಡಿಕೊಂಡಿತು. ಮಾವ ಅವರ ಕೈಯ ರೊಟ್ಟಿ ಬಿಟ್ಟರು. ಜಮಖಂಡಿ ಸಂಸ್ಥಾನದ ದವಾಖಾನೆಯಲ್ಲಿ ಹೌದೆಂದರೆ ಹೊಲದ ಗುಡಿಸಲಲ್ಲಿ ಇರಲಿ ಎಂದೂ ಹೇಳಿದ್ದರು.

ನಮ್ಮ ಮನೆಯವರು ಜಮಖಂಡಿಗೆ ಚಕ್ಕಡಿ ಹೊಡೆದರು. ಮೋಡ ಮುಚ್ಚಿತ್ತು, ದಾರಿಯುದ್ದಕ್ಕೂ ತಂಗಾಳಿ. ಡಾಕ್ಟರರು ನೋಡುವ ಹೊತ್ತಿಗೆ ಅತ್ತೆಯ ಮುಖ ಸಪಾಟಾಗಿತ್ತು. ಏನೂ ಇಲ್ಲವಲ್ಲ ಎಂದರು ಅವರು. ಏನೂ ಇಲ್ಲ ಎಂಬ ಮಾತು ಹಿಡಿದುಕೊಂಡು ಮಾವನ ಮುಂದೆ ನಿಲ್ಲುವುದು ಹೇಗೆ? ಗಂಜಿ ಕಾಸಲು ಕುಳಿತರೆ ಏಳುತ್ತವೆ, ರಾತ್ರಿ ಇಳಿಯುತ್ತವೆ ಎಂದು ನಾನೇ ಬಾಯಿಬಿಟ್ಟೆ.

ಡಾಕ್ಟರರು ಅತ್ತೆಯನ್ನು ಹಿಂದಿನ ಕೋಣೆಗೆ ಕರೆದೊಯ್ದು, ಹುಣ್ಣು ಕಟ್ಟಿದ ಬಟ್ಟೆಗಳನ್ನು ಕುದಿಸುವ ಹಂಡೆಯ ಪಕ್ಕ ಕೂರಿಸಿದರು. ಕೀವಿನ ಕಮಟು ತಡೆಯದೆ ನಾನು ಬಾಗಿಲಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ರೆಪ್ಪೆಯ ಮೇಲೆ ಒಂದೊಂದೇ ಗುಳ್ಳೆ ಉಬ್ಬಿತು. ಡಾಕ್ಟರರು ಅತ್ತೆಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆ ಮುಟ್ಟಿಸುತ್ತ ಎಲ್ಲಿ ತಾಗಿತೆಂದು ಕೇಳಿದರು. ಅತ್ತೆ ಒಂದೂ ತಪ್ಪಲಿಲ್ಲ. ಆಮೇಲೆ ಸೂಜಿ ಕಾಯಿಸಿ ದೊಡ್ಡದೊಂದನ್ನು ಚುಚ್ಚಿದರು. ತಿಳಿನೀರು ಕೆನ್ನೆಯಿಂದ ತುಟಿಗಿಳಿಯಿತು. ಅತ್ತೆ ನಾಲಿಗೆ ಚಾಚಿ ನೆಕ್ಕಿಬಿಟ್ಟರು.

“ಉಪ್ಪುಪ್ಪು ಐತ್ರಿ.”

“ಬೆವರವ್ವಾ ಅದು. ಉಪ್ಪ ಬಿಟ್ಟು ಸಕ್ಕರಿ ಇರತೈತೇನು?” ಎಂದರು ಡಾಕ್ಟರರು.

ನಾನು ಹೊರಗೋಡಿ ಗೋಡೆ ಹಿಡಿದು ಓಕರಿಸಿದೆ.

ಬೆವರು ಬರುವ ದಾರಿ ಕಟ್ಟಿ, ನೀರು ಒಳಗೇ ನಿಂತು ಗಂಟಾಗುತ್ತದೆ, ಹತ್ತಿ ತಾಗಿದ್ದು ತಿಳಿಯುವುದರಿಂದ ಕುಷ್ಠವಲ್ಲ, ಯಾರಿಗೂ ಹತ್ತುವುದಿಲ್ಲ ಎಂದು ಡಾಕ್ಟರರು ಬಿಡಿಸಿ ಹೇಳಿದರು. ಚುಚ್ಚಿದರೂ ಮತ್ತೆ ತುಂಬೀತು, ಹಬೆಯಿಂದ ದೂರ ಇರಬೇಕು, ಹಿಕ್ಕೆಗಿಕ್ಕೆ ಬಳಿಯಬಾರದು.

ಮನೆಯಲ್ಲಿ ನಮ್ಮವರು ಇದನ್ನೆಲ್ಲ ಮಾವನಿಗೆ ಒಪ್ಪಿಸಿದರು. ಅತ್ತೆ ಕೈಕಾಲು ತೊಳೆದು ಸೀದಾ ಒಲೆಯ ಮುಂದೆ ಕುಳಿತರು. ಹಬೆ ಬೇಡ ಅಂದಿದ್ದಾರಲ್ಲ ಎಂದು ನಾನು ತಡೆದೆ.

“ನಾಳಿಂದ ಗಂಜಿ ನೀ ಕಾಸ ಬೇ. ಇವತ್ತ ರೊಟ್ಟಿ ನಾನ ಬಡಿಯಾಕಿ,” ಎಂದರು.

ರೊಟ್ಟಿ ಬಡಿಯುತ್ತಿದ್ದಂತೆ ಗುಳ್ಳೆಗಳು ಮತ್ತೆ ಎದ್ದವು. ಮಾವ ಆ ಮುಖವನ್ನೊಮ್ಮೆ, ತಾಟನ್ನೊಮ್ಮೆ ನೋಡಿದರು. ಆಮೇಲೆ ರೊಟ್ಟಿ ಮುರಿದರು. ನಾನೂ ಉಂಡೆ, ಮುಖ ಎತ್ತದೆ. ಬೆವರೆಂದು ಗೊತ್ತಿದ್ದೂ ತುತ್ತು ತುತ್ತಿಗೂ ನೀರು ಕುಡಿದು ಇಳಿಸಿದೆ.

ಅಂದಿನ ಊಟ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಆ ರಾತ್ರಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅತ್ತೆ.