ಸಮುದ್ರ ಎಡಕ್ಕೆ ಬರಬೇಕು

ಖಜೂರಿಯಿಂದ ದೂರದೂರಿಗೆ ಹೊರಟವರು ಬಸ್ಸಿನ ವೇಳೆ ವಿಚಾರಿಸುವ ಮೊದಲು ರಸೂಲನನ್ನು ವಿಚಾರಿಸುತ್ತಾರೆ. ಮೂವತ್ತೊಂದು ವರ್ಷ ಲಾರಿ ಓಡಿಸಿದ ಮನುಷ್ಯ. ಯಾವ ಘಾಟಿನ ಯಾವ ತಿರುವಿನಲ್ಲಿ ಬ್ರೇಕು ಕಾಯುತ್ತದೆ, ಯಾವ ಢಾಬಾದಲ್ಲಿ ದಾಲ್ ನೀರಾಗಿರುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ತಾನು ಕಾಣದ ದಾರಿ ಕೇಳಿದರೂ ‘ಗೊತ್ತಿಲ್ಲ’ ಎನ್ನುವ ಆಸಾಮಿಯಲ್ಲ. ಅರೆಗಳಿಗೆ ಗಡ್ಡ ನೀವಿಕೊಂಡು ಒಂದು ಉತ್ತರ ಕೊಟ್ಟೇ ಕೊಡುತ್ತಾನೆ. ಅವನ ಮಾತು ನಂಬಿ ಹೋದವರು ಬಹುತೇಕ ತಿರುಗಿ ಬಂದಿದ್ದಾರೆ, ಅದನ್ನೂ ಹೇಳಬೇಕು.

ಇಲ್ಲಿಯ ತೊಗರಿಬೇಳೆಯನ್ನು ಮಂಗಳೂರಿಗೆ ಮುಟ್ಟಿಸುವುದು, ಬರುವಾಗ ಹೆಂಚು ತುಂಬಿಕೊಂಡು ಬರುವುದು, ಇದೇ ಅವನ ಕಸುಬಾಗಿತ್ತು. ಕ್ಲಚ್ ಒತ್ತಿ ಒತ್ತಿ ಹೋದ ವರ್ಷ ಎಡಗಾಲಿನ ಮಂಡಿ ಕೈಕೊಟ್ಟಿತು. ಲಾರಿ ಬಿಟ್ಟ. ಮನೆಯಲ್ಲಿ ಕೂತ ಮೇಲೆ ಹೆಂಡತಿ ನಜಮುನ್ನಿಸಾಳಿಗೆ ಕೊಟ್ಟ ಹಳೆಯ ಮಾತೊಂದು ನೆನಪಾಯಿತು. ಮದುವೆಯಾದ ಹೊಸದರಲ್ಲಿ “ನಿನಗ ಸಮುದ್ರ ತೋರಸ್ತೇನಿ” ಅಂದಿದ್ದ. ಆ ಮಾತಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು. ಆಕೆ ಕಲಬುರಗಿಯ ಉರುಸು, ಅಕ್ಕನ ಮನೆ ಬಿಟ್ಟು ಆಚೆ ಹೋದವಳಲ್ಲ.

ಮಗಳು ಜಸ್ಮೀನ ಆಳಂದದಲ್ಲಿ ನರ್ಸು. ಹಳೆಯದೊಂದು ಸಣ್ಣ ಕಾರು ತೆಗೆದುಕೊಂಡಿದ್ದಾಳೆ. ಜನವರಿಯಲ್ಲಿ ಆರು ದಿನದ ರಜೆ ಸಿಕ್ಕಿತು. “ಅಬ್ಬಾ, ಅಮ್ಮಿಗಿ ಸಮುದ್ರ ತೋರಸೂನು. ಗಾಡಿ ನಂದು, ಪ್ಲ್ಯಾನ್ ನಿಮ್ದು” ಎಂದಳು. ರಸೂಲ ಮೂರು ದಿನ ಕಟ್ಟೆಯ ಹರಟೆಯನ್ನೂ ಬಿಟ್ಟು, ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಪ್ಲ್ಯಾನು ಬರೆದ.

ಭಾನುವಾರ ಮಧ್ಯಾಹ್ನ ನಜಮುನ್ನಿಸಾ ಪ್ರವಾಸಕ್ಕೆಂದು ವಾರಗಟ್ಟಲೆ ಕೆಡದ ಕಟಿರೊಟ್ಟಿ ಬಡಿಯುತ್ತಿದ್ದಳು. ಮನೆಯ ಮಾತು ಉರ್ದುವಾದರೂ ರಸ್ತೆಯ ವಿಷಯ ಬಂದಾಗ ರಸೂಲ ಕನ್ನಡಕ್ಕೆ ಇಳಿಯುತ್ತಾನೆ, ಉಳಿದವರೂ ಅವನ ಹಿಂದೆಯೇ ಇಳಿಯುತ್ತಾರೆ. ಜಸ್ಮೀನ ಹಾಳೆ ಹಿಡಿದು ಗಟ್ಟಿಯಾಗಿ ಓದಿದಳು. “ಸಂಜೀಕ ನಾಕಕ್ಕ ಖಜೂರಿ ಬಿಡೋದು. ಅಫಜಲಪುರದಾಗ ಚಹಾ. ವಿಜಯಪುರ ರಾತ್ರಿ ಎಂಟಕ್ಕ. ಹುಬ್ಬಳ್ಳಿ ಹನ್ನೆರಡಕ್ಕ. ಅರಬೈಲ್ ಘಾಟ ಎರಡೂವರಿಗಿ. ಸಮುದ್ರದ ರೋಡು ಮೂರೂವರಿಂದ ಆರರ ತನಕ. ಮುಂಜಾನೆ ಏಳರಿಂದ ಸಂಜೀ ನಾಕರ ತನಕ...” ಅಲ್ಲಿಗೆ ನಿಲ್ಲಿಸಿದಳು.

“ಹಗಲೊತ್ನಾಗ ಏನ್ ಬರದಾರ?” ಎಂದಳು ನಜಮುನ್ನಿಸಾ.

“ನಿದ್ದಿ.”

ಜಸ್ಮೀನ ನಕ್ಕೇ ನಕ್ಕಳು. ರಸೂಲನಿಗೆ ಸಿಟ್ಟು ಬಂತು. “ನಗೋದೇನದ? ಘಾಟ ಯಾವಾಗಲೂ ರಾತ್ರೀನೇ ದಾಟಬೇಕು. ಟಯರ್ ತಣ್ಣಗಿರ್ತಾವ, ಎದುರಿನ ಗಾಡಿ ಲೈಟ್ ತಿರುವಿಗಿ ಮೊದಲೇ ಕಾಣಸ್ತದ. ಮೂವತ್ತೊಂದ್ ವರ್ಷ ಹಂಗೇ ಹೊಡದೇನಿ.”

ನಜಮುನ್ನಿಸಾ ನಗಲಿಲ್ಲ. ರೊಟ್ಟಿ ಬಡಿಯುವ ಕೈ ನಿಂತಿತ್ತು. “ಏನ್ರಿ, ಸಮುದ್ರ ಯಾವ ಬಣ್ಣ ಅದ?”

“ಕರೀದು” ಎಂದ ರಸೂಲ, ತಡಮಾಡದೆ.

ಗೋಡೆಯ ಮೇಲೆ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಒಂದು ಸಮುದ್ರವಿತ್ತು, ಅಚ್ಚ ನೀಲಿ. ಮೂವರೂ ಅದನ್ನು ನೋಡಿದರು. ರಸೂಲನಿಗೆ ಬಹಳ ನಾಚಿಕೆಯಾಯಿತು. ಅವನು ಬಲ್ಲ ಸಮುದ್ರವೆಂದರೆ ಕತ್ತಲಲ್ಲಿ ಕೇಳುವ ಸದ್ದು, ಸರಕಿಗೆ ಹೊದಿಸಿದ ತಾಡಪತ್ರಿಯನ್ನು ಎಳೆದಾಡುವ ಗಾಳಿ, ಮುಂದಿನ ಗಾಜಿನ ಮೇಲೆ ಕೂರುವ ಉಪ್ಪು. ಬೆಳಕು ಹರಿಯುವಷ್ಟರಲ್ಲಿ ಗೋದಾಮಿನ ಅಂಗಳ ಸೇರಿ ಲಾರಿಯ ಕೆಳಗೆ ಮಲಗಿರುತ್ತಿದ್ದ. ಹೇಳಬಾರದೆಂದಿದ್ದರೂ ಎಲ್ಲವನ್ನೂ ಹೇಳಿಬಿಟ್ಟ.

ಒಂದು ಕಾಲಕ್ಕೆ ಗಂಡನ ಮೇಲೆ ನಜಮುನ್ನಿಸಾಳಿಗೆ ಹೊಟ್ಟೆಕಿಚ್ಚು ಇತ್ತು. ತಾನು ನಾಲ್ಕು ಗೋಡೆ ನೋಡುವಾಗ ಈತ ದೇಶ ನೋಡುತ್ತಾನೆ ಎಂದು ಎಷ್ಟೋ ಸಲ ಪಾತ್ರೆ ಕುಕ್ಕಿದ್ದಳು. ಈಗ ಕೈಯ ಹಿಟ್ಟು ಒರೆಸಿಕೊಂಡು ಅಂದಳು: “ಹಂಗಾರ ಇಷ್ಟ್ ವರ್ಷ ನೀವೂ ನನ್ನಂಗೇ ಇದ್ರಿ.”

ಮರುದಿನ ರಸೂಲ ಇನ್ನೊಂದು ಹಾಳೆ ಹರಿದ. ಈ ಸಲ ಪ್ಲ್ಯಾನು ಪೂರ್ತಿ ಹಗಲಿನದು. ಅಷ್ಟೇ ಅಲ್ಲ, ದಾರಿಯನ್ನೇ ತಿರುಗುಮುರುಗು ಮಾಡಿದ. ಜೇವರ್ಗಿಯ ಕಡೆಯಿಂದ ಹೋಗಿ, ದೊಡ್ಡ ಲಾರಿಗಳನ್ನು ಬಿಡದ ಆಗುಂಬೆ ಘಾಟ ಇಳಿದು, ಉಡುಪಿಯಿಂದ ದಂಡೆಗುಂಟ ಉತ್ತರಕ್ಕೆ ಬಂದು, ಕೊನೆಗೆ ಅರಬೈಲ್ ಹತ್ತಿ ಅಫಜಲಪುರದ ಮೇಲೆ ಮನೆಗೆ. ಮಟಕಿ ಊರಿನ ಗೆಳೆಯ ಮಾಳಿಂಗಪ್ಪ ಚಹಾದ ಅಂಗಡಿಯಲ್ಲಿ ಹಾಳೆ ನೋಡಿ ಛೇಡಿಸಿದ. “ಏ ಡ್ರೈವರ, ವಯಸ್ಸಾತು ನಿನಗ. ಹತ್ತರದ ದಾರಿ ಬಿಟ್ಟು ಸುತ್ತ ಹಾಕಿ ಹೊಂಟಿದಿಯಲ್ಲಲೇ.”

“ಸಮುದ್ರ ಎಡಕ್ಕ ಬರಬೇಕು” ಎಂದ ರಸೂಲ. “ದಕ್ಷಿಣಕ್ಕ ಹೊಂಟರ ಅದು ಸ್ಟೇರಿಂಗ್ ಕಡೆ ಬರ್ತದ. ಉತ್ತರಕ್ಕ ಹೊಂಟರ ನಜಮಾ ಕೂಡೋ ಕಿಟಕಿಗಿ ಬರ್ತದ.” ಮಾಳಿಂಗಪ್ಪ ಛೇಡಿಸುವುದನ್ನು ಬಿಟ್ಟು ಇನ್ನೊಂದು ಚಹಾ ಹೇಳಿದ.

ಆದರೆ ನಜಮುನ್ನಿಸಾಳಿಗೆ ಇದು ಹಿಡಿಸಲಿಲ್ಲ. “ನಾ ಸಮುದ್ರ ನೋಡೋದು, ನೀವು ರಸ್ತಾ ನೋಡೋದು. ಮತ್ತ ಅದೇ ಆತಲ್ಲ? ನಾ ಒಬ್ಬಾಕಿನೇ ನೋಡಂಗಿದ್ದರ ನಾ ಬರಾಂಗಿಲ್ರಿ. ಜಸ್ಮೀನ ಗಾಡಿ ಹೊಡೀಲಿ. ನೀವು ಎಡಕ್ಕ ಕೂಡ್ರಿ, ನಾ ನಿಮ್ಮ ಹಿಂದ ಕೂಡ್ತೇನಿ.”

ಇದು ಸಣ್ಣ ಮಾತಲ್ಲ. ತಾನಿರುವ ಗಾಡಿಯನ್ನು ಇನ್ನೊಬ್ಬರ ಕೈಗೆ ರಸೂಲ ಯಾವತ್ತೂ ಕೊಟ್ಟವನಲ್ಲ. ಮಗಳ ಕಾರಿನಲ್ಲೂ ಮಂಡಿ ನೋವು ನುಂಗಿಕೊಂಡು ಬಲಗಡೆಯೇ ಹತ್ತುತ್ತಿದ್ದ. ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಕೊನೆಗೆ, “ಒಂದ್ ಸಲ ನೋಡೂನು” ಎಂದ.

ಮುಂದಿನ ಭಾನುವಾರ ಪರೀಕ್ಷೆಗೆಂದು ಜೇವರ್ಗಿಯ ಆಚೆಯ ಅಂದೋಲಾಕ್ಕೆ ಹೊರಟರು. ಅಲ್ಲಿ ನಜಮುನ್ನಿಸಾಳ ಅಕ್ಕ ಫಕ್ರುನ್ನಿಸಾಳ ಮನೆ. ಆಳಂದ ದಾಟುವವರೆಗೆ ರಸೂಲನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. “ಗೇರ್ ಇಳಸು, ಎಮ್ಮಿ ಬರಾಕತ್ತದ, ಹಾರ್ನ್ ಹೊಡಿ” ಎಂದು ಬಾಯಿಯೂ ಸುಮ್ಮನಿರಲಿಲ್ಲ. ಜಸ್ಮೀನ ಆಸ್ಪತ್ರೆಯಲ್ಲಿ ಇಂಥವರನ್ನು ಬಹಳ ಕಂಡವಳು. “ಆಯ್ತು ಅಬ್ಬಾ” ಎನ್ನುತ್ತ ತನ್ನ ಪಾಡಿಗೆ ಓಡಿಸಿದಳು. ಕಲಬುರಗಿ ದಾಟಿದ ಮೇಲೆ ಅವನಿಗೆ ಬೈಯಲು ಏನೂ ಸಿಗಲಿಲ್ಲ.

ಜೇವರ್ಗಿಗೆ ಮುಂಚೆ ಭೀಮಾ ನದಿಯ ಸೇತುವೆ ಬಂತು. ಆ ಸೇತುವೆ ದಾಟಿದ್ದಕ್ಕೆ ಲೆಕ್ಕವಿಲ್ಲ. ಎಷ್ಟನೆಯ ಸಂದಿನಲ್ಲಿ ಚಕ್ರ ಕುಕ್ಕುತ್ತದೆ ಎಂಬುದೂ ಅವನಿಗೆ ಗೊತ್ತು. ನದಿಯನ್ನು ಮಾತ್ರ ಈಗ ನೋಡಿದ. ಮರಳಿನ ದಿಬ್ಬದ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ಒಬ್ಬ ಸೊಂಟದವರೆಗೆ ನೀರಿನಲ್ಲಿ ನಿಂತು ಎಮ್ಮೆಯ ಕಿವಿ ತೊಳೆಯುತ್ತಿದ್ದ. ನೀರು ದಂಡೆಯ ಹತ್ತಿರ ಹಸಿರು, ನಡುವೆ ಬೂದು, ಬಿಸಿಲು ಬಿದ್ದಲ್ಲಿ ಬಣ್ಣವೇ ಹೇಳಲು ಬಾರದಂಥದ್ದು.

“ಜಸ್ಮೀನ, ಸಾವಕಾಶ ಹೊಡಿ” ಎಂದ. ಬಲಗಾಲು ಆಗಲೇ ಒತ್ತುವುದನ್ನು ಮರೆತಿತ್ತು. ಅವನಿಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದೂ ಅವನಿಂದ ಆಗಲಿಲ್ಲ.

ಹಿಂದಿನ ಸೀಟಿನಿಂದ ನಜಮುನ್ನಿಸಾ ಮುಂದಕ್ಕೆ ಬಾಗಿ ಅದೇ ಕಿಟಕಿಯಿಂದ ನೋಡುತ್ತಿದ್ದಳು. ನಗು ತಡೆದುಕೊಂಡು ಕೇಳಿದಳು: “ಏನ್ರಿ, ಈಗ ಹೇಳ್ರಿ. ಸಮುದ್ರ ಯಾವ ಬಣ್ಣ ಅದ?”

ರಸೂಲ ಗಡ್ಡಕ್ಕೆ ಕೈ ಒಯ್ದ. ನೀವಿಕೊಳ್ಳದೆ ಇಳಿಸಿದ.

“ಗೊತ್ತಿಲ್ಲ ಬೇ” ಎಂದ. “ಇಬ್ರೂ ಹೋಗಿ ನೋಡೂನು.”