ಮಾತು ಕೇಳಿಸುವ ಜಾಗ

ಅವರ ಬಲಗಿವಿಯ ಮೇಲೆ ಹಳದಿ ಹಿಡಿಯ ಟೆಸ್ಟರ್ ಒಂದು ಸದಾ ಕೂತಿರುತ್ತಿತ್ತು, ಬಡಗಿ ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ. ವರ್ಷಾನುಗಟ್ಟಲೆ ಅಲ್ಲೇ ಕೂತೂ ಕೂತೂ, ಅದನ್ನು ತೆಗೆದಾಗಲೂ ಕಿವಿಯ ಮೇಲೊಂದು ಸಣ್ಣ ತಗ್ಗು ಕಾಣುತ್ತಿತ್ತು. ಗುಂಡ್ಲುಪೇಟೆಯ ನಮ್ಮ ಬೀದಿಯ ತುದಿಯಲ್ಲಿ ಅವರ ರಿಪೇರಿ ಅಂಗಡಿ. ಊರಿಗೆಲ್ಲ ಅವರು ರೇಡಿಯೋ ಸಾಬರು. ರೇಡಿಯೋ ಹೋಗಿ ಟೇಪ್ ರೆಕಾರ್ಡರ್ ಬಂತು, ಆಮೇಲೆ ಟಿವಿ ಬಂತು, ಮೊಬೈಲ್ ಬಂತು. ಅವರ ಹೆಸರು ಮಾತ್ರ ರೇಡಿಯೋದಲ್ಲೇ ನಿಂತುಬಿಟ್ಟಿತು.

ನನಗೆ ಅವರ ಋಣ ಹತ್ತಿದ್ದು ಗುಂಡ್ಲುಪೇಟೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ.

ನಾನು ತೆರಕಣಾಂಬಿಯ ಅಜ್ಜಿಯ ಜಗಲಿಯಲ್ಲಿ ಕನ್ನಡ ಕಲಿತವಳು. ಅಜ್ಜಿ ಅಕ್ಷರ ಬಾರದವಳಾದರೂ ಮಾತಿನಲ್ಲಿ ಒಂದು ತಪ್ಪು ಬಿದ್ದರೆ ಎಲೆ ಅಡಿಕೆ ಪಕ್ಕಕ್ಕಿಟ್ಟು ತಿದ್ದುತ್ತಿದ್ದಳು. ಆ ತಿದ್ದುವ ಚಟವೇ ನನಗೆ ಅನ್ನ ಕೊಟ್ಟಿತು. ಮೈಸೂರಿನ ಒಂದು ಅಚ್ಚುಕೂಟಕ್ಕೆ ಹಸ್ತಪ್ರತಿಗಳನ್ನು ಟೈಪ್ ಮಾಡಿ, ತಿದ್ದಿ ಕಳಿಸುವ ಕೆಲಸ ಸಿಕ್ಕಿತ್ತು. ಯಜಮಾನರು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುತ್ತಿದ್ದರು, ಮನೆಗೆ ಬರುವುದು ವಾರಕ್ಕೊಮ್ಮೆ. ಉಳಿದ ದಿನ ಮನೆಯಲ್ಲಿ ನಾನು, ಅತ್ತೆ. ಅತ್ತೆಗೆ ಸೊಂಟದ ಮೂಳೆ ಮುರಿದು ಕೂಡಿತ್ತು, ಕಣ್ಣು ಮಂಜಾಗಿತ್ತು. ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದರು ಅಷ್ಟೆ. ಅವರ ಮಂಚ ಹಿಂದಿನ ಕೋಣೆಯಲ್ಲಿ. ನಾನು ಪಕ್ಕದಲ್ಲಿ ಇರಲೇಬೇಕು, ಹಾಗಾಗಿ ಕಂಪ್ಯೂಟರೂ ಅಲ್ಲೇ ಇರಬೇಕು. ಆದರೆ ಫೋನಿನ ಲೈನು ಬರುತ್ತಿದ್ದುದು ಮನೆ ನಡುವಿನ ತೆರೆದ ತೊಟ್ಟಿಯ ಆಚೆ, ಹಜಾರದ ಗೋಡೆಯ ಗೂಡಿಗೆ.

ಮೊದಲು ಹಜಾರದಿಂದ ಕೋಣೆಯ ತನಕ ಉದ್ದದ ವೈರು ಎಳೆಸಿದ್ದೆವು. ಒಂದು ಬೆಳಿಗ್ಗೆ ಅತ್ತೆಯ ಕಾಲು ಅದಕ್ಕೆ ಸಿಕ್ಕಿಕೊಂಡಿತು. ಕಂಬ ಸಿಕ್ಕಿದ್ದರಿಂದ ಬೀಳಲಿಲ್ಲ. ಯಜಮಾನರು ಆ ವಾರ ಬಂದವರೇ ವೈರು ಸುತ್ತಿ ಅಟ್ಟಕ್ಕೆಸೆದರು. "ಅವ್ವ ಇನ್ನೊಂದು ಸಲ ಬಿದ್ರೆ ಏಳಕಿಲ್ಲ. ಈ ಕೆಲಸ ಬುಟ್ಬುಡು ಕಣಮ್ಮಿ," ಅಂದರು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಅವರ ಮಾತು ತಪ್ಪೂ ಅಲ್ಲ. ಆದರೆ ಮದುವೆಯಾಗಿ ಅಷ್ಟು ವರ್ಷಕ್ಕೆ ನನ್ನದು ಅಂತ ಇದ್ದದ್ದು ಅದೊಂದೇ ಕೆಲಸ.

ವೈರಿಲ್ಲದೆ ಇಂಟರ್ನೆಟ್ ಕೊಡುವ ಡಬ್ಬಿ ಬಂದಿದೆಯಂತೆ ಎಂದು ಕೇಳಿ ರೇಡಿಯೋ ಸಾಬರ ಹತ್ತಿರ ಓಡಿದೆ. "ಯಾವುದು ತಗೊಳ್ಳಲಿ ಸಾಬ್ರೇ?"

"ಡಬ್ಬಿ ಆಮೇಲೆ ನೋಡನ. ಮೊದ್ಲು ಮನೆ ನೋಡನ ನಡಿ," ಅಂದರು.

ಬಂದರು. ಅತ್ತೆಗೂ ಅವರಿಗೂ ಹಳೆಯ ಮಾತಿನ ಜಿದ್ದು. ಮಾವನವರ ಕಾಲದ ದೊಡ್ಡ ಮರದ ರೇಡಿಯೋ ಒಂದಿತ್ತು, ಅದನ್ನು ಮೂವತ್ತು ವರ್ಷ ಬದುಕಿಸಿಕೊಂಡು ಬಂದವರು ಅವರೇ.

"ಏನ್ ಸಾಬ್ರೇ, ಇನ್ನೂ ಇದ್ದೀರಾ?" ಅಂದರು ಅತ್ತೆ.

"ನಿಮ್ ರೇಡಿಯೋ ಇರಗಂಟ ನಾನೂ ಇರ್ತೀನಿ ಅಕ್ಕ. ಇಬ್ರಿಗೂ ಒಂದೇ ಕಾಯ್ಲೆ, ಸಣ್ಣ ಸದ್ದು ಹಿಡಿಯಕಿಲ್ಲ," ಅಂದರು ಸಾಬರು. ತಮಾಷೆಯಾಗಿ ಅಂದರೂ ಅದು ನಿಜವೇ ಆಗಿತ್ತು. ಅವರ ಕಿವಿ ಮಂದವಾಗುತ್ತಿತ್ತು. ಸದ್ದು ಕೇಳಿಯೇ ಯಂತ್ರದ ಕಾಯಿಲೆ ಪತ್ತೆ ಹಚ್ಚುತ್ತಿದ್ದ ಮನುಷ್ಯ ಆಗ ಎಲ್ಲದಕ್ಕೂ ಎದುರಿಗಿದ್ದವರ ಕಿವಿಯನ್ನೇ ಕೇಳಬೇಕಿತ್ತು. ಆದರೆ ಅದನ್ನವರು ಕೊರತೆ ಅಂತ ಮಾಡಿಕೊಳ್ಳಲಿಲ್ಲ. ನಿಮಗೇ ಕೆಲಸ ಕಲಿಸಿಬಿಡುತ್ತಿದ್ದರು.

ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಕೈಗೆ ಪೆನ್ನು ಕೊಟ್ಟರು. "ನಾನು ಹಜಾರದಲ್ಲಿ ನಿಂತು ಓದ್ತೀನಿ. ಕೂಗಕಿಲ್ಲ, ಮಾತಾಡೋ ಹಂಗೇ ಓದ್ತೀನಿ. ನಿನಗೆ ಕೇಳ್ಸಿದ್ದು ಬರ್ಕೊ." ಓದಲು ನನ್ನ ಮೇಜಿನ ಮೇಲಿದ್ದ ಹಸ್ತಪ್ರತಿಯ ಒಂದು ಹಾಳೆ ಎತ್ತಿಕೊಂಡು ಹೋದರು. ರೇಷ್ಮೆ ಸಾಕುವವರಿಗಾಗಿ ಬರೆದ ಕೈಪಿಡಿ ಅದು; ಹುಳು ಪೊರೆ ಕಳಚಲು ಮೇವು ಬಿಟ್ಟು ಕೂರುವುದಕ್ಕೆ ಅವರು ಜ್ವರ ಅನ್ನುತ್ತಾರೆ.

ಫೋನಿದ್ದ ಗೂಡಿನ ಹತ್ತಿರ ನಿಂತು ಓದಿದಾಗ ನನಗೆ ಕೇಳಿಸಿದ್ದು ಬರೀ ಗೊಣಗೊಣ. ನಡುವೆ ಮೊಳದಪ್ಪದ ಮಣ್ಣಿನ ಗೋಡೆಗಳು ಎರಡು. ಬೀರುವಿನ ಪಕ್ಕ ನಿಂತು ಓದಿದರು, ಅದೂ ಅಷ್ಟೆ. ಕೊನೆಗೆ ತೊಟ್ಟಿಯ ಕಡೆಗಿದ್ದ ಕಿಟಕಿಯ ಹತ್ತಿರ ನಿಂತರು. ತೊಟ್ಟಿಯ ಬಯಲನ್ನು ದಾಟಿ, ನನ್ನ ಕೋಣೆಯ ಬಾಗಿಲಿನಿಂದ ಒಳಗೆ ಬಂತು ಅವರ ದನಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ: "ಹುಳು ಎರಡನೇ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು. ಗಾಳಿ ಮಾತ್ರ ಚೆನ್ನಾಗಿ ಆಡಬೇಕು."

ನಾನು ಬರೆದುಕೊಂಡದ್ದನ್ನು ಓದಿ ತಲೆಯಾಡಿಸಿದರು. "ಮಾತು ಕೇಳ್ಸೋ ಕಡೆ ಮಡುಗು ತಾಯಿ. ಗ್ವಾಡೆ ನಮ್ ಮಾತ್ನೂ ಕುಡೀತದ, ಆ ಡಬ್ಬಿ ಮಾತ್ನೂ ಕುಡೀತದ. ಬಯಲು ಕುಡಿಯಕಿಲ್ಲ."

ಮಾರನೆಯ ವಾರ ಪಕ್ಕದ ಮನೆಯವರನ್ನು ಅತ್ತೆಯ ಹತ್ತಿರ ಕೂರಿಸಿ, ಸಾಬರ ಜೊತೆ ಚಾಮರಾಜನಗರದ ಬಸ್ ಹತ್ತಿದೆ. ಅಂಗಡಿಯವನು ಆಂಟೆನಾದ ಮೂರು ಕೊಂಬಿರುವ ದೊಡ್ಡ ಡಬ್ಬಿಯನ್ನು ಮುಂದಿಟ್ಟ. "ಇದು ಮೂರು ಮನೆಗೆ ಸಾಕಾಯ್ತದೆ ಸಾಹೇಬ್ರೆ."

"ನಮಗೆ ಒಂದೇ ಮನೆ ಇರೋದು," ಅಂದರು ಸಾಬರು. ಆಮೇಲೆ ಒಂದೊಂದಾಗಿ ಕೇಳುತ್ತಾ ಹೋದರು. ಫೋನಿನ ಲೈನು ನೇರವಾಗಿ ಇದಕ್ಕೇ ಸೇರುತ್ತದೋ, ಪಕ್ಕದಲ್ಲಿ ಇನ್ನೊಂದು ಮೋಡೆಮ್ ಬೇಕೋ? ಕೊಂಬು ಮುರಿದರೆ ಬಿಚ್ಚಿ ಬೇರೆ ಹಾಕಬಹುದೋ? ದೀಪಗಳು ಮುಂದುಗಡೆ ಕಾಣುತ್ತವೋ? ಹಿಂದಿನ ಕೋಣೆಗೆ ಬರದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀಯೋ? ಕೊನೆಯದನ್ನು ಬಿಲ್ಲಿನ ಹಿಂದೆ ಬರೆಸಿಕೊಂಡೇ ಬಿಟ್ಟರು. ನಾವು ತಂದದ್ದು ಒಂದೇ ಕೊಂಬಿನ, ಲೈನು ನೇರ ಸೇರುವ ಸಾದಾ ಡಬ್ಬಿ. ಬಸ್ಸಿನಲ್ಲಿ ನನ್ನ ಮುಖ ನೋಡಿ ನಕ್ಕರು. "ಮೂರು ಕೊಂಬಿನ ಮೇಲೇ ಮನಸ್ಸು ನಿನಗೆ, ಅಲ್ವಾ? ಕೊಂಬು ನೋಡಿ ಎತ್ತು ತಗೋಬೋದು, ಇದನ್ನಲ್ಲ."

ಕಿಟಕಿಯ ಹಲಗೆಯ ಮೇಲೆ ಮಾವನವರ ರೇಡಿಯೋ ಕೂತಿತ್ತು. ಅದನ್ನು ಸರಿಸಬೇಕು ಅಂದಾಗ ಅತ್ತೆ ಕೋಲೂರಿ ಬಂದು ಅದರ ಮರವನ್ನೊಮ್ಮೆ ಸವರಿದರು. ಆಮೇಲೆ, "ನಿಮ್ ಮಾವ ಕೂತು ರೇಡಿಯೋ ಕೇಳ್ತಿದ್ದ ಜಾಗ ಅದು. ಬರೋದು ಒಳ್ಳೇದಾಗಿರ್ಲಿ," ಅಂದರು. ರೇಡಿಯೋ ಅತ್ತೆಯ ಮಂಚದ ಪಕ್ಕಕ್ಕೆ ಬಂತು, ಗೂಡಿನ ಲೈನನ್ನು ಕಾಲಿಗೆ ಸಿಗದ ಹಾಗೆ ಗೋಡೆಗೇ ಬಡಿದು ತಂದ ಮೇಲೆ ಡಬ್ಬಿ ಕಿಟಕಿಗೆ ಹೋಯಿತು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಸಿಗ್ನಲ್ ಹಿಡಿದಾಗ ನಾನು ಕುಣಿಯುವುದೊಂದು ಬಾಕಿ.

ದಸರೆ ಬಂತು. ರೇಷ್ಮೆಯ ಕೈಪಿಡಿ ವಿಜಯದಶಮಿಯ ಮಧ್ಯಾಹ್ನದೊಳಗೆ ಅಚ್ಚುಕೂಟಕ್ಕೆ ಮುಟ್ಟಬೇಕಿತ್ತು. ಆಯುಧಪೂಜೆಯ ದಿನ ಮೆಷಿನ್ ನಿಲ್ಲಿಸಿ, ಮಾರನೆಯ ದಿನ ಮಧ್ಯಾಹ್ನ ಇದೇ ಪುಸ್ತಕದಿಂದ ಶುರು ಮಾಡುತ್ತೇವೆ ಅಂದಿದ್ದರು ಅಲ್ಲಿಯವರು. ತಡವಾದರೆ ಮುಂದಿನ ಕೆಲಸ ಬೇರೆಯವರಿಗೆ ಅಂತಲೂ ಮೆತ್ತಗೆ ಹೇಳಿದ್ದರು. ನಾನು ಎಲ್ಲ ಪುಟ ಮುಗಿಸಿ, ಬೆಳಿಗ್ಗೆ ಕೊನೆಯದಾಗಿ ಒಮ್ಮೆ ನೋಡಿ ಕಳಿಸೋಣ ಅಂತ ಇಟ್ಟುಕೊಂಡಿದ್ದೆ.

ಬೆಳಿಗ್ಗೆ ನೋಡಿದರೆ ಇಂಟರ್ನೆಟ್ ಇಲ್ಲ. ಡಬ್ಬಿಯನ್ನು ಆರಿಸಿ ಹಾಕಿದೆ. ಕಂಪ್ಯೂಟರ್ ಆರಿಸಿ ಹಾಕಿದೆ. ಕೊಂಬನ್ನು ಅತ್ತ ಇತ್ತ ತಿರುಗಿಸಿದೆ. ಹಬ್ಬವಾದ್ದರಿಂದ ಬಸ್ ಸ್ಟ್ಯಾಂಡಿನ ಸೈಬರ್ ಸೆಂಟರಿಗೂ ಬೀಗ. ಗಡಿಯಾರ ಹತ್ತು ದಾಟಿತು. ಚಪ್ಪಲಿಯನ್ನೂ ಮೆಟ್ಟದೆ ಸಾಬರ ಮನೆಗೆ ಓಡಿದೆ.

ಬಂದವರು ಡಬ್ಬಿಯನ್ನು ಮುಟ್ಟಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತರು. "ಜಗಳ ಮನೆ ಒಳಗಿಂದಾ, ಹೊರಗಿಂದಾ? ಅದ ಹೇಳು ಮೊದ್ಲು."

"ಅಂದ್ರೆ?"

"ನಿನ್ ಕಂಪ್ಯೂಟರ್‌ಗೆ ಈ ಡಬ್ಬಿ ಕಾಣ್ತಾ ಅದಾ?"

ಕಾಣುತ್ತಿತ್ತು. "ಹಂಗಾದ್ರೆ ಗಾಳೀಲಿ ಬರೋದು ಸರಿ ಅದ. ಕೊಂಬು ತಿರುಗ್ಸದು ಬುಡು." ಹೊರಗಿನ ಲೈನಿನ ದೀಪ ಮಾತ್ರ ಮಿಟುಕುತ್ತಿತ್ತು, ನಿಲ್ಲುತ್ತಿರಲಿಲ್ಲ. ಫೋನೆತ್ತಿ ನನ್ನ ಕಿವಿಗೆ ಹಿಡಿದರು. "ಏನ್ ಕೇಳ್ತದ?"

"ಕರಕರ ಅಂತಿದೆ. ಒಣಗಿದ ಎಲೆ ತುಳಿದ ಹಾಗೆ."

ಡಬ್ಬಿಯಿಂದ ಲೈನು ಕಿತ್ತರು. "ಈಗ?"

ಸದ್ದು ನಿಂತಿತ್ತು. "ಹಂಗಾದ್ರೆ ಲೈನೂ ಸರಿ ಅದ. ಲೈನು ಡಬ್ಬಿ ಕೂಡೋ ತಾವೇ ಏನೋ ಆಗದ." ಕಣ್ಣಿಗೆ ಭೂತಗನ್ನಡಿ ಏರಿಸಿ ಡಬ್ಬಿಯನ್ನು ಹಿಂದುಮುಂದು ತಿರುಗಿಸಿದರು. ಮೇಲುಗಡೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಹಿಂದಿನ ದಿನ ಆಯುಧಪೂಜೆಗೆ ಅತ್ತೆ ತಾವೇ ಕೋಲೂರಿ ಬಂದು ಇಟ್ಟದ್ದು. ನಾನು ನೋಡಿದ್ದೆ, ಖುಷಿಯನ್ನೂ ಪಟ್ಟಿದ್ದೆ. ನೋಡದೇ ಇದ್ದದ್ದು ಹಿಂಬದಿಯನ್ನು. ಕಣ್ಣು ಕಾಣದ ಅತ್ತೆ ಮುಂದೆ ಯಾವುದು ಹಿಂದೆ ಯಾವುದು ತಿಳಿಯದೆ ಎರಡೂ ಕಡೆ ಬಳಿದಿದ್ದರು. ನೀರಿನಲ್ಲಿ ಕಲಸಿದ ವಿಭೂತಿ, ಫೋನಿನ ಪಿನ್ನು ಕೂರುವ ತೂತಿನೊಳಗೆ ಇಳಿದು ಇನ್ನೂ ಹಸಿಯಾಗಿಯೇ ಇತ್ತು.

ನನ್ನ ಮುಖಕ್ಕೆ ರಕ್ತ ಏರಿತು. ಕೋಣೆಯ ಕಡೆ ತಿರುಗಿ ಬಾಯಿ ತೆರೆದೆ. ಸಾಬರು ಬೆರಳೆತ್ತಿ ತಡೆದರು. ಅಷ್ಟರಲ್ಲಿ ಅತ್ತೆಯೇ ಒಳಗಿನಿಂದ ಕೇಳಿದರು: "ಏನಾಗಿತ್ತು ಸಾಬ್ರೇ?"

"ಏನಿಲ್ಲ ಅಕ್ಕ. ಒಸಿ ಧೂಳು ಕೂತಿತ್ತು."

"ನೆನ್ನೆ ಪೂಜೆ ಮಾಡಿವ್ನಿ ಅದಕ್ಕೆ. ಏನೂ ಆಗಕಿಲ್ಲ."

"ಅದ್ಕೇ ಅಕ್ಕ, ಬರೀ ಧೂಳಲ್ಲೇ ಹೋಯ್ತು."

ಸಣ್ಣ ಬ್ರಷ್ಷಿನಿಂದ ಉಜ್ಜಿದರು. ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಪಿನ್ನುಗಳನ್ನು ಒಂದೊಂದಾಗಿ ಒರೆಸಿದರು. ಮೇಲಿನ ಮೂರು ಗೆರೆಗೆ ಅವರ ಕೈ ತಾಗಲೂ ಇಲ್ಲ. ಆಮೇಲೆ ದನಿ ಇಳಿಸಿ ನನಗಷ್ಟೇ ಕೇಳಿಸುವ ಹಾಗೆ ಹೇಳಿದರು. "ರೇಡಿಯೋಕೂ ವರ್ಷವರ್ಷ ಹಿಂಗೇ ಬಳಿಯೋವ್ರು. ದಸರಾ ಕಳೀತು ಅಂದ್ರೆ ನಿಮ್ ಮಾವ ಸರ್ವೀಸ್ ಅಂತ ಹೊತ್ಕೊಂಡು ಬರೋರು. ಅವ್ರಿಗೆ ಗೊತ್ತಿತ್ತು, ನಂಗೆ ಗೊತ್ತಿತ್ತು. ಅಕ್ಕಂಗೆ ಹೇಳ್ನಿಲ್ಲ. ನೀನೂ ಹೇಳ್ಬ್ಯಾಡ."

ಮೂವತ್ತು ದಸರೆ!

ಲೈನು ಸಿಕ್ಕಿಸಲು ಕೈ ಚಾಚಿದೆ. "ತಾಳು ಅಮ್ಮಿ. ಒದ್ದೆ ಇದ್ದಂಗೇ ಚುಚ್ಚಿದ್ರೆ ಆಮೇಲೆ ನಾನೂ ಏನೂ ಮಾಡಕಾಗಲ್ಲ." ಡಬ್ಬಿಯನ್ನು ತೊಟ್ಟಿಯ ಬಿಸಿಲಂಚಿನಲ್ಲಿ, ಗಾಳಿಗೆ ಇಟ್ಟರು. ಹನ್ನೊಂದಾಯಿತು. ನಾನು ಗಡಿಯಾರಕ್ಕೂ ತೊಟ್ಟಿಗೂ ತಿರುಗುತ್ತಿದ್ದೆ. ಅವರು ಅತ್ತೆಯ ಎದುರು ಕೂತು, ಹಬ್ಬದ ಹೋಳಿಗೆ ತಿನ್ನುತ್ತಾ, ಹೂರಣಕ್ಕೆ ಏಲಕ್ಕಿ ಕಮ್ಮಿಯಾಯಿತು ಅಂತ ಜಗಳ ತೆಗೆದಿದ್ದರು. "ಮೂರನೇದು ತಿಂತಾ ಹೇಳ್ತೀರಲ್ಲ ಸಾಬ್ರೇ!" ಅಂತ ಅತ್ತೆ ಬೈದರು. ಹನ್ನೊಂದೂವರೆ ದಾಟಿದ ಮೇಲೆ ತೂತಿಗೆ ಒಮ್ಮೆ ಊದಿ, "ಈಗ ಹಾಕು" ಅಂದರು. ದೀಪ ಮಿಟುಕಿತು, ಮಿಟುಕಿತು, ನಿಂತಿತು.

ಹನ್ನೆರಡಕ್ಕೆ ಮೊದಲೇ ಪುಟಗಳು ಹೋದವು. ಸಂಜೆ ಅಚ್ಚುಕೂಟದಿಂದ ಫೋನು ಬಂತು: ಮುಂದಿನದು ಅಡುಗೆಯ ಪುಸ್ತಕವಂತೆ, ಮಾಡುತ್ತೀರಾ ಅಂತ. ಆ ಭಾನುವಾರ ಯಜಮಾನರು ಬಂದಾಗ ಅತ್ತೆಯೇ ಮುಂದಾಗಿ ಅಂದರು: "ಇವಳ ಕೆಲಸ ಬುಡಿಸ್ಬ್ಯಾಡ ಕಣ್ಲಾ. ಟೈಪ್ ಮಾಡಿದ್ದ ನಂಗೆ ಓದಿ ಹೇಳ್ತಾಳೆ. ನಂಗೂ ಹೊತ್ತು ಹೋಯ್ತದ."

ಅಲ್ಲಿಂದ ಅತ್ತೆ ಇದ್ದಷ್ಟು ವರ್ಷವೂ ಆಯುಧಪೂಜೆಗೆ ವಿಭೂತಿಯ ಬಟ್ಟಲನ್ನು ನಾನೇ ಹಿಡಿದು ನಿಲ್ಲುತ್ತಿದ್ದೆ. ಮಾರನೆಯ ಬೆಳಿಗ್ಗೆ ಹತ್ತಿ, ಸ್ಪಿರಿಟ್ಟು. ಒಂದು ವರ್ಷವೂ ಅವರಿಗೆ ಹೇಳಲಿಲ್ಲ. ಕೆಟ್ಟದ್ದನ್ನು ಸರಿ ಮಾಡುವುದನ್ನು ಬೇರೆಯವರೂ ಕಲಿಸಬಹುದಿತ್ತು. ಕೆಡಿಸಿದವರ ಮನಸ್ಸು ಕೆಡದ ಹಾಗೆ ಸರಿ ಮಾಡುವುದನ್ನು ಸಾಬರಿಂದಲೇ ಕಲಿತೆ.

ಅತ್ತೆ ಹೋದ ಎರಡನೆಯ ವರ್ಷ ರೇಡಿಯೋ ಸಾಬರೂ ಹೋದರು. ಅಷ್ಟು ಹೊತ್ತಿಗೆ ನಮ್ಮ ಬೀದಿಯಲ್ಲಿ ಡಬ್ಬಿ ಕೆಟ್ಟರೆ ಹೆಂಗಸರು ನನ್ನನ್ನು ಕರೆಯುವುದು ರೂಢಿಯಾಗಿತ್ತು. ಒಂದು ದಿನ ಸಾಬರ ಹೆಂಡತಿಯೇ ಕರೆಸಿದರು. ಮಗಳು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು, ಹೊಸ ಹೊಸ ಡಿಸೈನ್ ನೋಡಲು ಇಂಟರ್ನೆಟ್ ಹಾಕಿಸಿದ್ದರು. ಡಬ್ಬಿ ಎಲ್ಲಿಡಬೇಕು ಅಂತ ಗೊತ್ತಾಗಿರಲಿಲ್ಲ. ಸಾಬರ ಹೆಂಡತಿಯನ್ನು ಒಳಗೆ ಹೊಲಿಗೆ ಮೆಷಿನ್ನಿನ ಹತ್ತಿರ ಕೂರಿಸಿ, ನಾನು ಮುಂಬಾಗಿಲ ಪಕ್ಕ ನಿಂತು, ಕೂಗದೆ, ಮಾತಾಡುವ ಹಾಗೆಯೇ ಹೇಳಿದೆ: "ಹುಳು ಎರಡನೇ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು..."

ಒಳಗೆ ಒಂದು ಕ್ಷಣ ಏನೂ ಸದ್ದಿಲ್ಲ. ಜಾಗ ಸರಿಯಿಲ್ಲವೇನೋ ಅಂದುಕೊಂಡು ಬೇರೆ ಕಡೆ ಹೋಗಲು ಹೆಜ್ಜೆ ಎತ್ತಿದೆ.

"ಗಾಳಿ ಮಾತ್ರ ಚೆನ್ನಾಗಿ ಆಡಬೇಕು," ಅಂತ ಒಳಗಿನಿಂದ ಅವರ ದನಿ ಬಂತು. "ಕೇಳಿಸ್ತದ ಕಣಮ್ಮಿ. ಈ ಊರಲ್ಲಿ ಯಾರ ಮನೇಗ್ ಹೋದ್ರೂ ಅವ್ರು ಇದನ್ನೇ ಓದೋವ್ರು, ಮನೇಲೂ ಇದನ್ನೇ ಹೇಳ್ಕೊಳ್ಳೋವ್ರು. ನಂಗೂ ಬಾಯಿಪಾಠ ಆಗೋಗದ. ಅಲ್ಲೇ ಮಡುಗು."

ಅಲ್ಲೇ ಇಟ್ಟೆ.