ಅರ್ಜೆಂಟೀನಾ ಸೋತರೆ ಸಿಗುವ ಸೀಟು

ಅದು 2014ನೇ ಇಸವಿ. ಇಸವಿಯ ಬಗ್ಗೆ ನನಗೆ ಸಂಶಯವಿಲ್ಲ, ಏಕೆಂದರೆ ಆಗ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿತ್ತು. ಉಳಿದ ವಿಷಯಗಳಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವವಳಲ್ಲ. ಹಾಗಾಗಿ ಹಳೆಯ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಗಡಿನಾಡಿನ ಊರಾದ ಕುಂಜತ್ತೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರಿತ್ತು, 1968ರ ಮಾಡೆಲ್. ಬಹ್ರೈನಿನಲ್ಲಿದ್ದ ಅಪ್ಪ ಒಮ್ಮೆ ರಜೆಯಲ್ಲಿ ಬಂದಾಗ ಅದನ್ನು ಯಾರಿಂದಲೋ ಕೊಂಡುಕೊಂಡು, ನಲವತ್ತು ದಿನ ಡ್ರೈವರನನ್ನಿಟ್ಟು ಊರೆಲ್ಲ ಸುತ್ತಿ ಮರಳಿ ವಿಮಾನ ಹತ್ತಿದ್ದರು. ಆಮೇಲೆ ಅಮ್ಮ ಕಾರು ಕಲಿತಳು. "ಗಂಡ ಬಹ್ರೈನಿನಲ್ಲಿ, ಕಾರು ಶೆಡ್ಡಿನಲ್ಲಿ. ಇಬ್ಬರಲ್ಲಿ ಒಬ್ಬರಾದರೂ ಉಪಯೋಗಕ್ಕೆ ಬರಲಿ ಅಂತ ಕಲಿತೆ" ಎಂದು ಅವಳು ಈಗಲೂ ಹೇಳುತ್ತಾಳೆ. ಆ ಕಾಲದಲ್ಲಿ ನಮ್ಮ ಕಡೆ ಸೀರೆ ಉಟ್ಟು ಕಾರು ಓಡಿಸುವ ಇನ್ನೊಬ್ಬ ಹೆಂಗಸನ್ನು ನಾನು ನೋಡಿರಲಿಲ್ಲ.

ಅಪ್ಪ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಕಾರು ಅವರ ಕೈಗೆ ಹೋಯಿತು. ಅವರು ತೀರಿಕೊಂಡ ಬಳಿಕ ಅದು ಶೆಡ್ಡಿನಲ್ಲೇ ತುಕ್ಕು ಹಿಡಿಯಿತು. 2014ರ ಆರಂಭದಲ್ಲಿ ಒಂದು ದಿನ ಅಮ್ಮ ತನ್ನ ಲೈಸೆನ್ಸನ್ನು ನನ್ನ ಮುಂದಿಟ್ಟಳು. ಜುಲೈ ಹದಿನೇಳಕ್ಕೆ ಅದರ ಅವಧಿ ಮುಗಿಯುತ್ತಿತ್ತು.

"ಇನ್ನು ರಿನ್ಯೂ ಮಾಡಿಸುವುದಿಲ್ಲ. ಎಪ್ಪತ್ತೈದು ಆಯಿತು. ಕಣ್ಣು ನನ್ನದಾದರೂ ರಸ್ತೆ ದಾಟುವ ಮಕ್ಕಳು ಬೇರೆಯವರದು. ಆದರೆ ಅದಕ್ಕೆ ಮೊದಲು ಒಂದು ಸಲ ನನ್ನ ಕಾರನ್ನು ನಾನೇ ಓಡಿಸಬೇಕು."

ಅಮ್ಮ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅಪರೂಪ. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ; ಕಾರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಹಳೆಯ ಮೆಕ್ಯಾನಿಕ್ ವಿಟ್ಠಲಣ್ಣನನ್ನು ಹಿಡಿದೆ. ಇಂಜಿನ್, ಬ್ರೇಕು, ಪೈಂಟು ಎಂದು ನಾಲ್ಕು ತಿಂಗಳು ಕಳೆದವು. ಜೂನ್ ಮೊದಲ ವಾರ ಕಾರು ಸ್ಟಾರ್ಟ್ ಆಯಿತು. ಅಮ್ಮ ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತಳು.

ಕಾಲು ಕ್ಲಚ್ಚಿಗೆ ಎಟುಕಲಿಲ್ಲ.

ಅಮ್ಮನ ಎತ್ತರ ನಾಲ್ಕು ಅಡಿ ಎಂಟು ಇಂಚು. ಅಪ್ಪ ಆರಡಿಯ ಆಸಾಮಿ. ತಮ್ಮ ಕಾಲಿಗೆ ಬೇಕಾದಂತೆ ಮುಂದಿನ ಹಳೆಯ ಉದ್ದ ಸೀಟನ್ನು ತೆಗೆಸಿ ಎರಡು ಬೇರೆ ಬೇರೆ ಸೀಟು ಹಾಕಿಸಿದ್ದರು. ವಿಟ್ಠಲಣ್ಣ ಬೆನ್ನಿಗೆ ದಿಂಬು ಕೊಟ್ಟು ನೋಡಿದರು. ಅಮ್ಮ ಒಮ್ಮೆ ಒತ್ತಿ ಕೆಳಗಿಳಿದಳು.

"ವಿಟ್ಠಲಾ, ದಿಂಬಿಗೆ ಒರಗಿ ಕ್ಲಚ್ ಒತ್ತಿದರೆ ನಾನು ಹಿಂದೆ ಹೋಗುತ್ತೇನೆಯೇ ಹೊರತು ಕಾರು ಮುಂದೆ ಹೋಗುವುದಿಲ್ಲ."

ಸರಿ, ಹಳೆಯ ತರಹದ ಉದ್ದ ಸೀಟು ಮತ್ತು ಅದು ಹಿಂದೆ ಮುಂದೆ ಸರಿಯುವ ಕಬ್ಬಿಣದ ಹಳಿಗಳನ್ನು ಹುಡುಕಲು ಹೊರಟೆವು. ಕಾಞಂಗಾಡಿನಿಂದ ಮಂಗಳೂರಿನವರೆಗೆ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದೆವು. ಮಂಗಳೂರಿನ ಒಬ್ಬ ಅಂಗಡಿಯವರು ಸೀಟುಗಳ ರಾಶಿಯ ಮೇಲೆ ಕುಳಿತು, "ಅಂಬಾಸಿಡರಿಂದು ಎಂತ ಬೇಕಾದರೂ ಉಂಟು ಅಕ್ಕ, ಅಂಬಾಸಿಡರ್ ಒಂದು ಬಿಟ್ಟು" ಎಂದರು. ಅವರಲ್ಲೇ ಹಳಿ ಸಮೇತ ಒಂದು ಸೀಟು ಸಿಕ್ಕಿತು. ಟೆಂಪೋದಲ್ಲಿ ಹಾಕಿಸಿ ತಂದು ಜೋಡಿಸಿದರೆ, ಪೂರ್ತಿ ಮುಂದೆ ಎಳೆದರೂ ಅಮ್ಮನ ಕಾಲಿಗೆ ನಾಲ್ಕು ಬೆರಳಿನಷ್ಟು ಕಡಿಮೆ!

ಆಗ ಅಮ್ಮ ಹಣೆ ಬಡಿದುಕೊಂಡಳು. "ಅಯ್ಯೋ, ಮರೆತೇ ಹೋಯಿತಲ್ಲ! ನಮ್ಮದು ಕಂಪೆನಿಯಿಂದ ಹಾಗೆ ಬಂದದ್ದಲ್ಲ. ನನ್ನ ಕಾಲಿಗೆಂದೇ ಕಬ್ಬಿಣ ಕೆಲಸದ ಆಚಾರಿ ಆ ಹಳಿಗೆ ಇನ್ನೊಂದು ತುಂಡು ಬೆಸೆದು ಉದ್ದ ಮಾಡಿ ಕೊಟ್ಟದ್ದು. ನೀನೂ ಅಲ್ಲೇ ಕೂತಿದ್ದಿ, ಕುಲುಮೆಯ ಎದುರು."

ನನಗೆ ಆ ಕುಲುಮೆ ಸ್ವಲ್ಪವೂ ನೆನಪಿಲ್ಲ. ನನಗೆ ನೆನಪಿದ್ದದ್ದು ಅಮ್ಮ ಎರಡು ದಿಂಬಿನ ಮೇಲೆ ಕೂತು ಓಡಿಸುತ್ತಿದ್ದದ್ದು. ಅಮ್ಮ ಖಡಾಖಂಡಿತವಾಗಿ "ದಿಂಬು ಇರಲೇ ಇಲ್ಲ" ಎಂದಳು. ಇಷ್ಟು ವರ್ಷ ನಾನು ಕಣ್ಣಾರೆ ಕಂಡೆ ಎಂದುಕೊಂಡಿದ್ದ ಆ ದಿಂಬುಗಳು ಎಲ್ಲಿಂದ ಬಂದವೋ ಗೊತ್ತಿಲ್ಲ.

ಆ ಆಚಾರಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹಳೆಯ ಸೀಟು ಎಲ್ಲಿಗೆ ಹೋಯಿತು? ಗುಜರಿಗೆ ಹೋಗಿರಬೇಕು ಎಂದು ನಾನು. ಸೌದೆ ಕೊಟ್ಟಿಗೆಯಲ್ಲಿ ಗೆದ್ದಲು ತಿಂದಿತು ಎಂದು ಅಮ್ಮ. ಕಡೆಗೆ ನನ್ನ ಹಳೆಯ ಡೈರಿಗಳನ್ನು ಇಳಿಸಿ ನೋಡಿದೆ. ಅಪ್ಪ ಸೀಟು ಬದಲಾಯಿಸಿದ ವಾರದ ಪುಟದಲ್ಲಿ ಹೀಗಿತ್ತು: "ಕಾರಿನ ಹಳೇ ಸೀಟು ಕ್ಲಬ್ಬಿನವರು ಹೊತ್ತುಕೊಂಡು ಹೋದರು. ಮನೆ ಮುಂದೆ ಜಾಗವಾಯಿತು."

ನಮ್ಮ ಮನೆಯಿಂದ ಐದು ನಿಮಿಷದ ದಾರಿಯಲ್ಲಿ ಊರಿನ ಯುವಕರ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬು ಇತ್ತು. ಹೋಗಿ ನೋಡಿದರೆ ಟಿವಿಯ ಎದುರು ನಮ್ಮ ಸೀಟು! ಹೊದಿಕೆ ನೀಲಿ ಬಿಳಿ ಪಟ್ಟಿಯ ಬಟ್ಟೆಯದ್ದಾಗಿತ್ತು, ಅಷ್ಟೆ. ಕೆಳಗೆ ಎರಡು ಮರದ ಹಲಗೆಯ ಮೇಲೆ ಆಚಾರಿಯ ಆ ಉದ್ದ ಹಳಿಗಳನ್ನಿಟ್ಟು ನಾಲ್ಕು ಬೋಲ್ಟಿನಿಂದ ನೆಲಕ್ಕೆ ಬಿಗಿದಿದ್ದರು. ಬೆಸುಗೆಯ ಗೆರೆಯೂ ಕಾಣುತ್ತಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಕ್ಲಬ್ಬಿನ ಕಾರ್ಯದರ್ಶಿ ಹನೀಫ್ ಮೀನಿನ ಲಾರಿಯ ಡ್ರೈವರ್, ಮೂವತ್ತರ ಆಸುಪಾಸಿನವನು. ವಿಷಯವನ್ನೆಲ್ಲ ಕೇಳಿ ಅವನ ಮುಖ ಸಣ್ಣದಾಯಿತು.

"ಅಕ್ಕ, ಅಮ್ಮನಿಗೆ ಇಲ್ಲ ಹೇಳುವ ಜನ ನಾವಲ್ಲ. ಆದರೆ ಈಗ ಆಗುವುದಿಲ್ಲ. ಅರ್ಜೆಂಟೀನಾ ಆಡುತ್ತಾ ಉಂಟು."

"ಅದಕ್ಕೂ ಸೀಟಿಗೂ ಎಂತ ಸಂಬಂಧ?"

"ಸಂಬಂಧವಾ? ಕಳೆದ ವಿಶ್ವಕಪ್ಪಿನಲ್ಲಿ ಗೋಡೆಗೆ ಸುಣ್ಣ ಹೊಡೆಯಲಿಕ್ಕೆ ಇದನ್ನು ಜಗಲಿಗೆ ಹಾಕಿದೆವು. ಜರ್ಮನಿಯಿಂದ ನಾಲ್ಕು ಗೋಲು ತಿಂದೆವು ಅಕ್ಕ, ನಾಲ್ಕು! ಆಮೇಲೆ ನೆಲಕ್ಕೆ ಬೋಲ್ಟ್ ಹಾಕಿದ್ದು. ಈಗ ಐದು ಜನ ಲೈನಾಗಿ ಕೂರುವುದು. ಯಾರೂ ಜಾಗ ಬದಲು ಮಾಡುವ ಹಾಗಿಲ್ಲ."

"ಸೀಟು ಇರಲಿ ಮಾರಾಯ, ಕೆಳಗಿನ ಹಳಿ ಮಾತ್ರ ಕೊಡು."

"ಹಳಿ ತೆಗೆದರೆ ಸೀಟು ಒಂದು ಇಂಚು ತಗ್ಗುತ್ತದೆ. ಸೀಟು ತಗ್ಗಿದರೆ ಟೀಮೂ ತಗ್ಗುತ್ತದೆ." ಅವನು ತಮಾಷೆ ಮಾಡುತ್ತಿರಲಿಲ್ಲ. "ಅರ್ಜೆಂಟೀನಾ ಹೊರಗೆ ಬಿದ್ದ ದಿವಸ ನಾವೇ ಹೊತ್ತುಕೊಂಡು ಬಂದು ಕೊಡುತ್ತೇವೆ. ಬೀಳುವುದಿಲ್ಲ, ಅದು ಬೇರೆ."

ಅಳತೆ ತೆಗೆದುಕೊಂಡು ಹೊಸದು ಮಾಡೋಣವೆಂದು ವಿಟ್ಠಲಣ್ಣನನ್ನು ಕಳಿಸಿದೆ. ಒಳಗಿನ ಕೊಕ್ಕೆ ನೋಡಲು ಸೀಟನ್ನು ಮಗುಚಬೇಕು ಎಂದಾಕ್ಷಣ ಅವರನ್ನು ಚಹಾ ಕುಡಿಸಿ ವಾಪಸ್ ಕಳಿಸಿದರು. ನಾನು ಸಿಟ್ಟಿನಿಂದ, "ನಮ್ಮದೇ ಸೀಟು, ಕೇಳಿದರೆ ಕೊಡಲಿಕ್ಕೆ ಎಂತ ಇವರಿಗೆ?" ಎಂದೆ. ಅಮ್ಮ ಒಪ್ಪಲಿಲ್ಲ. "ಕೊಟ್ಟಾದ ಮೇಲೆ ಅದು ನಮ್ಮದಲ್ಲ. ಕೇಳಿದ್ದೇ ಹೆಚ್ಚು. ಕಾಯುವ."

ಅಲ್ಲಿಂದ ಶುರುವಾಯಿತು ನನ್ನ ಪಾಡು. ಫುಟ್‌ಬಾಲಿನಲ್ಲಿ ಒಂದು ಬದಿಗೆ ಎಷ್ಟು ಜನ ಎಂದೂ ಸರಿಯಾಗಿ ತಿಳಿಯದ ನಾನು ದಿನಾ ಬೆಳಿಗ್ಗೆ ಹಾಲಿಗೆ ಹೋಗುವಾಗ ಕ್ಲಬ್ಬಿನ ಮುಂದಿನ ಅರ್ಜೆಂಟೀನಾ ತಂಡದ ಫ್ಲೆಕ್ಸ್ ನೋಡತೊಡಗಿದೆ. ಗೆದ್ದರೆ ಅದಕ್ಕೊಂದು ಹೊಸ ಹಾರ ಬೀಳುತ್ತಿತ್ತು. ಮೊದಲ ಮೂರು ಪಂದ್ಯಕ್ಕೆ ಮೂರು ಹಾರ. ಸ್ವಿಟ್ಜರ್ಲೆಂಡಿನ ಮೇಲೆ ನಾಲ್ಕನೆಯದು. ಬೆಲ್ಜಿಯಂ ಮೇಲೆ ಐದನೆಯದು. ಒಂದೊಂದು ಹಾರಕ್ಕೂ ಹದಿನೇಳನೇ ತಾರೀಕು ನನ್ನ ಹತ್ತಿರ ಬರುತ್ತಿತ್ತು. ಎದುರು ಸಿಕ್ಕ ಹನೀಫನಿಗೆ "ಕಂಗ್ರಾಟ್ಸ್" ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅರ್ಜೆಂಟೀನಾ ಮಣ್ಣುಮುಕ್ಕಲಿ ಎಂದು ಬಯಸುತ್ತಿದ್ದೆ. ವಿಚಿತ್ರವೆಂದರೆ ಅಮ್ಮನೇ ಆ ತಂಡದ ಕಡೆ ವಾಲಿದ್ದಳು. ಸೆಮಿಫೈನಲ್ ಗೆದ್ದ ಮರುದಿನ ದಾರಿಯಲ್ಲಿ ಹನೀಫನನ್ನು ನಿಲ್ಲಿಸಿ, "ಗೆಲ್ಲಿ ಮಗಾ. ಇಷ್ಟು ದೂರ ಬಂದು ಸೋಲಬಾರದು" ಎಂದಳು.

"ಅಮ್ಮ, ಮತ್ತೆ ನಿಮ್ಮ ಲೈಸೆನ್ಸು?" ಎಂದ ಅವನು.

"ಅದು ನನ್ನ ತಲೆನೋವು. ನಿನಗೆಂತಕ್ಕೆ?"

ಫೈನಲ್ ನಮ್ಮ ಲೆಕ್ಕದಲ್ಲಿ ಹದಿನಾಲ್ಕರ ಮುಂಜಾವಿಗೆ ಮುಗಿಯಿತು. ನಾನು ನಿದ್ದೆಯಿಂದ ಎದ್ದಾಗ ಊರು ಮೌನವಾಗಿತ್ತು. ಪಟಾಕಿಯ ವಾಸನೆ ಇಲ್ಲ, ಬೈಕಿನ ಹಾರ್ನ್ ಇಲ್ಲ. ಸೋತಿದ್ದಾರೆ! ಹಾಸಿಗೆಯ ಮೇಲೆ ಕುಳಿತು ನಾನು ನಕ್ಕೆನೆಂದು ಡೈರಿಯಲ್ಲಿ ಬರೆದಿದ್ದೇನೆ. ಹಾಗೆ ಬರೆದಿರದಿದ್ದರೆ ಇಂದು ಅದನ್ನು ಖಂಡಿತ ಅಲ್ಲಗಳೆಯುತ್ತಿದ್ದೆ.

ಏಳು ಗಂಟೆಗೆ ಅವರು ಬಂದರು. ನೀಲಿ ಬಿಳಿ ಜೆರ್ಸಿ ತೊಟ್ಟ ಐದು ಜನ, ಕೆಂಪು ಕಣ್ಣು. ತುಂತುರು ಮಳೆಯಲ್ಲಿ ಸೀಟನ್ನು ಹೆಗಲ ಮೇಲೆ ಹೊತ್ತು ಗೇಟಿನೊಳಗೆ ಬಂದರು. ಅಮ್ಮ ಒಂದು ಪಾತ್ರೆ ಚಹಾ ಮಾಡಿ, ಅಂದಿನ ನೀರುದೋಸೆಯನ್ನೆಲ್ಲ ಅವರಿಗೇ ಬಡಿಸಿದಳು. "ತಿನ್ನಿ. ಎರಡನೇ ಸ್ಥಾನ ಅಂದರೆ ಸಣ್ಣದಾ? ಬ್ರೆಜಿಲಿನವರಿಗೆ ಏಳು ಗೋಲು ಬಿದ್ದದ್ದು ಗೊತ್ತುಂಟಾ?" ಆ ಮಾತಿಗೆ ಐವರೂ ಒಟ್ಟಿಗೆ ನಕ್ಕರು.

ಅಷ್ಟರಲ್ಲಿ ಬಂದ ವಿಟ್ಠಲಣ್ಣ ಹಳಿಯನ್ನೂ ಬೋಲ್ಟುಗಳನ್ನೂ ನೋಡಿ ಹುಬ್ಬೇರಿಸಿದರು. "ಇಷ್ಟು ತುಕ್ಕಿನ ಬೋಲ್ಟು ಇಷ್ಟು ಬೇಗ ಹೇಗೆ ಬಿಟ್ಟಿತು ಮಾರಾಯ? ಎರಡು ಮೂರು ದಿವಸ ಎಣ್ಣೆ ಕುಡಿಯದೆ ಅಲ್ಲಾಡಲಿಕ್ಕಿಲ್ಲ ಇದು."

ಹನೀಫ್ ಚಹಾ ಲೋಟ ಹಿಡಿದು ಶೆಡ್ಡಿನ ಹಿಂದೆ ನಡೆದ. ನಾನು ಹೋದಾಗ ಸಣ್ಣ ದನಿಯಲ್ಲಿ ಹೇಳಿದ:

"ಅಕ್ಕ, ಇವರಿಗೆ ಹೇಳಬೇಡಿ. ಹೇಳಿದರೆ ನನ್ನನ್ನು ಊರಲ್ಲಿ ಇಡಲಿಕ್ಕಿಲ್ಲ. ಸೆಮಿಫೈನಲ್ ಆದ ದಿವಸದಿಂದ ನಾನು ಅದಕ್ಕೆ ಎಣ್ಣೆ ಹಾಕುತ್ತಾ ಇದ್ದೆ. ನಿನ್ನೆ ಮಧ್ಯಾಹ್ನ ಯಾರೂ ಇಲ್ಲದಾಗ ನಾಲ್ಕೂ ಬೋಲ್ಟ್ ಬಿಚ್ಚಿಟ್ಟೆ. ಗೆದ್ದರೆ ಮೂರು ದಿವಸ ಮೆರವಣಿಗೆ, ಒಬ್ಬನೂ ಕೈಗೆ ಸಿಗಲಿಕ್ಕಿಲ್ಲ. ಅಮ್ಮನ ತಾರೀಕು ದಾಟಿ ಹೋಗುತ್ತಿತ್ತು."

"ಸೀಟು ಅಲ್ಲಾಡಲಿಲ್ಲವಾ?"

"ಐದು ಜನ ಕೂತರೆ ಎಂತ ಅಲ್ಲಾಡುವುದು? ಆದರೆ ನನಗೆ ಗೊತ್ತುಂಟಲ್ಲ. ಗೋಲು ಬಿದ್ದಾಗ ಎಲ್ಲರೂ ಟಿವಿ ನೋಡಿದರು. ನಾನು ಕೆಳಗೆ ನೋಡಿದೆ."

ಅವನ ಕಣ್ಣು ತುಂಬಿತ್ತು. ನನಗೆ ತಡೆಯಲಾಗಲಿಲ್ಲ. "ಹನೀಫ್, ತಪ್ಪು ನಿನ್ನದಲ್ಲ. ಒಂದು ತಿಂಗಳಿನಿಂದ ನಿಮ್ಮ ತಂಡ ಸೋಲಲಿ ಅಂತ ನಾನು ದಿನಾ ಬಯಸುತ್ತಿದ್ದೆ" ಎಂದುಬಿಟ್ಟೆ.

ಅವನು ನನ್ನನ್ನು ದಿಟ್ಟಿಸಿ ನೋಡಿದ. "ಸತ್ಯವಾ? ದಿನಾ?"

"ದಿನಾ."

"ಅಬ್ಬಾ!" ಅವನ ಮುಖ ಅರಳಿತು. "ಹಾಗಾದರೆ ಮುಕ್ಕಾಲು ನಿಮ್ಮದು ಅಕ್ಕ, ನನ್ನದು ಕಾಲು ಪಾಲು. ದೊಡ್ಡ ಉಪಕಾರ ಮಾಡಿದಿರಿ."

ಹದಿನಾರರಂದು ಮಧ್ಯಾಹ್ನ ಸೀಟು ಜೋಡಿಸಿ ಮುಗಿಯಿತು, ಮಳೆಯೂ ಬಿಟ್ಟಿತ್ತು. ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು, ಸೀಟಿನ ಕೆಳಗಿನ ಹಿಡಿ ಎಳೆದಳು. ಸೀಟು ಕರಕರ ಎಂದು ಮುಂದೆ ಸರಿಯಿತು, ಇನ್ನೂ ಸರಿಯಿತು. ಎಡಗಾಲು ಕ್ಲಚ್ಚನ್ನು ಪೂರ್ತಿ ಕೆಳಗೆ ಒತ್ತಿತು. ಅಮ್ಮನ ಪಕ್ಕ ನಾನು, ನನ್ನ ಪಕ್ಕ ವಿಟ್ಠಲಣ್ಣ, ಹಿಂದೆ ಒಬ್ಬರ ಮೇಲೊಬ್ಬರಂತೆ ಅರ್ಜೆಂಟೀನಾದ ಐದು ಜನ. ಹೆದ್ದಾರಿಯವರೆಗೆ ಹೋಗಿ ತಿರುಗಿ ಬರುವುದು ಎಂದು ಮಾತಾಗಿತ್ತು. ಹೆದ್ದಾರಿ ಬಂತು. ಅಮ್ಮ ತಿರುಗಿಸಲಿಲ್ಲ.

"ಅಮ್ಮ, ಎಲ್ಲಿಗೆ?" ಹಿಂದಿನಿಂದ ಹನೀಫ್.

"ಪೆಟ್ರೋಲ್ ಉಂಟಲ್ಲ? ಬಾಯಿ ಮುಚ್ಚಿ ಕೂರು."

ಹೊಸಂಗಡಿ ದಾಟಿ, ಉಪ್ಪಳದವರೆಗೆ ಹೋದೆವು. ಬಸ್ಸಿನವರು ಕೈ ಬೀಸಿದರು. ಹಿಂದಿನ ಐವರು ವಿಶ್ವಕಪ್ ಗೆದ್ದವರಂತೆ ಕಿಟಕಿಯಿಂದ ಕೂಗುತ್ತಿದ್ದರು. ಅಮ್ಮ ಮಾತ್ರ ಎಡಬಲ ನೋಡದೆ, ತುಟಿ ಬಿಗಿದುಕೊಂಡು ಓಡಿಸುತ್ತಿದ್ದಳು. ಮನೆಗೆ ಬಂದು ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಸಾಕು" ಎಂದಳು. ಮತ್ತೆಂದೂ ಓಡಿಸಲಿಲ್ಲ, ಓಡಿಸಬೇಕೆಂದು ಕೇಳಲೂ ಇಲ್ಲ.

ಬೋಲ್ಟಿಗೂ ಗೋಲಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೆ ಹನೀಫ್ ಅದನ್ನು ಪೂರ್ತಿ ನಂಬಿದ್ದ. ನನ್ನ ಪಾಲಿಗೆ ಅವು ನಾಲ್ಕು ತುಕ್ಕು ಹಿಡಿದ ಬೋಲ್ಟುಗಳು. ಅವನ ಪಾಲಿಗೆ ಅದು ವಿಶ್ವಕಪ್. ಆ ಮಧ್ಯಾಹ್ನ ಖಾಲಿ ಕ್ಲಬ್ಬಿನ ನೆಲದ ಮೇಲೆ ಮಂಡಿಯೂರಿ, ಅದನ್ನು ತನ್ನ ಕೈಯಾರೆ ಬಿಚ್ಚಿ ನಮ್ಮ ಅಮ್ಮನಿಗೆ ಕೊಟ್ಟನಲ್ಲ, ಆ ದೃಶ್ಯವನ್ನು ನಾನು ಕಂಡಿಲ್ಲ, ಡೈರಿಯಲ್ಲೂ ಬರೆದಿಲ್ಲ. ಆದರೂ ನನ್ನ ನೆನಪುಗಳಲ್ಲಿ ನಾನು ಒಮ್ಮೆಯೂ ಸಂಶಯಪಡದೆ ನಂಬಿದ್ದು ಅದೊಂದನ್ನೇ.